ಜರೀಗಿಡಕ್ಕೆ ಎರಡು ಬದುಕು

ಜರೀಗಿಡದ ಎಲೆಯೊಂದನ್ನು ಮಗುಚಿ ನೋಡಿ. ಬಲಿತ ಎಲೆಯಾದರೆ ಹಿಂಬದಿಯಲ್ಲಿ ಕಂದು ಚುಕ್ಕೆಗಳು ಸಾಲಾಗಿ ಕೂತಿರುತ್ತವೆ. ಹುಳದ ಮೊಟ್ಟೆ ಇರಬೇಕು ಅಂದುಕೊಂಡು ಕೆಲವರು ಅವನ್ನು ಕೆರೆದು ತೆಗೆಯುತ್ತಾರೆ. ದಯವಿಟ್ಟು ತೆಗೆಯಬೇಡಿ. ಗಿಡದ ಮುಂದಿನ ಪೀಳಿಗೆ ಇರುವುದು ಅಲ್ಲೇ.

ಜರೀಗಿಡ ಹೂ ಬಿಡುವುದಿಲ್ಲ, ಬೀಜ ಕಟ್ಟುವುದಿಲ್ಲ. ಮತ್ತೆ ಹರಡುವುದು ಹೇಗೆ? ಇದರ ಬೀಜ ಕಣ್ಣಿಗೇ ಕಾಣದ್ದು, ಅದು ಸಿಕ್ಕವರು ತಾವೂ ಮಾಯವಾಗಬಹುದು ಎಂದು ಯುರೋಪಿನಲ್ಲಿ ಹಿಂದೆ ನಂಬಿದ್ದರು. ಎಲೆಯ ಹಿಂದಿನ ಕಂದು ಪುಡಿಯಿಂದಲೇ ಗಿಡ ಬೆಳೆಸಬಹುದು ಎಂಬ ಜಾನ್ ಲಿಂಡ್ಸೆಯ ವರದಿ ಪ್ರಕಟವಾದದ್ದು 1794ರಲ್ಲಿ. ಆತ ಜಮೈಕಾದಲ್ಲಿದ್ದ ವೈದ್ಯ.

ಒಂದೊಂದು ಚುಕ್ಕೆಯೂ ಪುಟಾಣಿ ಚೀಲಗಳ ಗೊಂಚಲು. ಒಂದು ಚೀಲದಲ್ಲಿ ಸಾಮಾನ್ಯವಾಗಿ 64 ಬೀಜಾಣುಗಳು, ಅಂದರೆ ಸ್ಪೋರ್‌ಗಳು. ಚೀಲದ ಬೆನ್ನಿಗೆ ಬೆನ್ನುಮೂಳೆಯ ಹಾಗೆ ಹನ್ನೆರಡು ಹದಿಮೂರು ಜೀವಕೋಶಗಳ ಸಾಲು. ಇವುಗಳ ತುಂಬ ನೀರು. ಗಾಳಿ ಒಣಗಿದಾಗ ಆ ನೀರು ಆವಿಯಾಗುತ್ತದೆ, ಉಳಿದ ನೀರು ತೆಳುವಾದ ಹೊರಗೋಡೆಯನ್ನು ಒಳಕ್ಕೆ ಜಗ್ಗುತ್ತದೆ. ಸಾಲು ನಿಧಾನಕ್ಕೆ ಹಿಂದಕ್ಕೆ ಬಾಗುತ್ತದೆ, ಚೀಲ ಬಾಯಿ ಬಿಡುತ್ತದೆ. ಜಗ್ಗಾಟ ಮಿತಿ ಮೀರಿದಾಗ ಜೀವಕೋಶಗಳೊಳಗೆ ಗುಳ್ಳೆ ಏಳುತ್ತವೆ. ಹಿಡಿತ ತಪ್ಪಿತು! ಸಾಲು ಥಟ್ಟನೆ ಮುಂದಕ್ಕೆ ಬಡಿದು, ಬೀಜಾಣುಗಳನ್ನು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಚಿಮ್ಮಿಸುತ್ತದೆ. ಸ್ನಾಯು ಇಲ್ಲ, ನರ ಇಲ್ಲ. ಬರೀ ನೀರು ಒಣಗುವ ಬಲದಿಂದ ನಡೆಯುವ ಚಾಟರಬಿಲ್ಲು ಇದು. ಚುಕ್ಕೆ ಮಾಗಿದ ಎಲೆಯನ್ನು ಬಿಳಿ ಹಾಳೆಯ ಮೇಲೆ ಹಿಂಬದಿ ಕೆಳಗಾಗಿ ಒಂದೆರಡು ದಿನ ಸುಮ್ನೆ ಇಟ್ಟುಬಿಡಿ. ಎತ್ತಿದಾಗ ಹಾಳೆಯ ಮೇಲೆ ಎಲೆಯ ಅಚ್ಚು ಪುಡಿಯಲ್ಲಿ ಮೂಡಿರುತ್ತದೆ.

ಆದರೆ ಬೀಜಾಣು ಮೊಳೆತರೆ ಬರುವುದು ಜರೀಗಿಡ ಅಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದೇ. ಬರುವುದು ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಹಸಿರು ಪೊರೆ. ಅಂಚಿನ ಕಡೆ ಒಂದೇ ಜೀವಕೋಶದಷ್ಟು ದಪ್ಪ. ಬೇರಿನ ಬದಲು ಕೂದಲಿನಂಥ ಎಳೆಗಳು. ತನ್ನ ಆಹಾರ ತಾನೇ ಮಾಡಿಕೊಳ್ಳುವ ಬೇರೆಯೇ ಒಂದು ಸಸ್ಯ ಅದು. ಅದರ ಜೀವಕೋಶಗಳಲ್ಲಿ ಕ್ರೋಮೋಸೋಮುಗಳ ಸಂಖ್ಯೆ ದೊಡ್ಡ ಗಿಡದ ಅರ್ಧದಷ್ಟೇ.

ಮದುವೆ ನಡೆಯುವುದು ಈ ಹೃದಯದ ಅಡಿಯಲ್ಲಿ. ಸ್ಪ್ರಿಂಗಿನ ಹಾಗೆ ಸುತ್ತಿಕೊಂಡ ವೀರ್ಯಾಣು ತನ್ನ ಹತ್ತಾರು ಬಾಲಗಳನ್ನು ಬಡಿಯುತ್ತಾ ನೀರಿನಲ್ಲಿ ಈಜಿ ಅಂಡಕ್ಕೆ ತಲುಪಬೇಕು. ತೆಳ್ಳನೆಯ ನೀರಿನ ಪದರ ಸಾಕು, ಆದರೆ ಅದು ಬೇಕೇ ಬೇಕು. ಸೇಬಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಈ ವೀರ್ಯಾಣುಗಳನ್ನು ಸೆಳೆಯುತ್ತದೆ ಎಂದು ಜರ್ಮನಿಯ ವಿಲ್ಹೆಲ್ಮ್ ಫೆಫರ್ 1884ರಲ್ಲಿ ತೋರಿಸಿದ. ಒಂದೇ ಹೃದಯದಲ್ಲಿ ಗಂಡು ಹೆಣ್ಣು ಎರಡೂ ಭಾಗ ಇರಬಹುದು. ಆದರೆ ಹಲವು ಜಾತಿಗಳಲ್ಲಿ ಮೊದಲು ಬಲಿತ ಹೃದಯ ಒಂದು ರಾಸಾಯನಿಕ ಬಿಡುತ್ತದೆ, ಅದು ತಾಗಿದ ಎಳೆಯವು ಗಂಡಾಗಿಯೇ ಬೆಳೆಯುತ್ತವೆ. ಹೀಗಾಗಿ ತನ್ನದೇ ವೀರ್ಯಾಣುವಿಗಿಂತ ನೆರೆಯವರದು ಸಿಗುವ ಅವಕಾಶ ಜಾಸ್ತಿ. ಒಂದಾದ ಅಂಡದಿಂದ ಸುರುಳಿ ಬಿಚ್ಚುತ್ತಾ ಮೇಲೇಳುವುದೇ ನಾವು ನೋಡುವ ಜರೀಗಿಡ. ಅದು ತನ್ನ ಬೇರು ಊರಿದ ಮೇಲೆ ಹೃದಯ ಸಾಮಾನ್ಯವಾಗಿ ಬಾಡಿಹೋಗುತ್ತದೆ.

ಎಲ್ಲ ಕಡೆಯೂ ಹೀಗೇ ಅಲ್ಲ. ಅಮೆರಿಕದ ಅಪಲೇಚಿಯನ್ ಬೆಟ್ಟಗಳಲ್ಲಿ ಒಂದು ಜಾತಿ ಬಂಡೆಗಳ ನೆರಳಿನಲ್ಲಿ ಹಸಿರು ಪೊರೆಯಾಗಿಯೇ ಉಳಿದುಬಿಟ್ಟಿದೆ. ಪೊರೆಯ ಅಂಚಿನಿಂದ ಕಳಚುವ ಪುಟ್ಟ ಚೂರುಗಳೇ ಹೊಸ ಪೊರೆಗಳಾಗುತ್ತವೆ. ಅಲ್ಲಿ ಅದರ ಬಲಿತ ಜರೀಗಿಡವನ್ನು ಯಾರೂ ಕಂಡಿಲ್ಲ.