ಒಂದೇ ಡಿಎನ್ಎ, ಮೂವತ್ತು ಮುಖ

ಗೋಡೆ ಮೇಲಿನ ಚಿತ್ರದ ಗಾಜು ಬಿರುಕು ಬಿಟ್ಟಿತ್ತು, ಆ ಬಿರುಕಲ್ಲಿ ಯಾರದೋ ಒಂದು ಕೂದ್ಲು ಸಿಕ್ಕೊಂಡಿತ್ತು. ಅಮೆರಿಕದ ಕಲಾವಿದೆ ಹೆದರ್ ಡ್ಯೂಯಿ ಹ್ಯಾಗ್‌ಬರ್ಗ್ ಥೆರಪಿಸ್ಟ್ ಹತ್ರ ಹೋಗಿ ಕೂತಿದ್ದಾಗ ಇದನ್ನ ನೋಡಿ, ಈ ಕೂದ್ಲು ಯಾರದ್ದಿರಬಹುದು, ಅವರು ನೋಡೋಕೆ ಹೇಗಿರಬಹುದು ಅಂತ ತಲೆಗೆ ಹುಳ ಬಿಟ್ಕೊಂಡ್ರು. ಆಮೇಲೆ ನ್ಯೂಯಾರ್ಕಿನ ಬೀದಿಗಳಲ್ಲಿ ಬಿದ್ದಿರೋ ಸಿಗರೇಟ್ ತುಂಡು, ಉಗಿದಿರೋ ಚೂಯಿಂಗ್ ಗಮ್, ಉದುರಿದ ಕೂದ್ಲು ಎಲ್ಲ ಆರಿಸ್ಕೊಂಡು ಬಂದು, ಬ್ರೂಕ್ಲಿನ್‌ನಲ್ಲಿ ಜೆನ್‌ಸ್ಪೇಸ್ ಅಂತ ಒಂದು ಲ್ಯಾಬ್ ಇದೆ, ಆಸಕ್ತಿ ಇರೋ ಯಾರು ಬೇಕಾದ್ರೂ ಹೋಗಿ ಕಲೀಬಹುದು, ಅಲ್ಲಿ ಡಿಎನ್ಎ ತೆಗೆಯೋದು ಕಲಿತು, ಅದರಿಂದ ಊಹೆ ಮಾಡಿದ ಮುಖಗಳನ್ನ ತ್ರೀಡಿ ಪ್ರಿಂಟರಲ್ಲಿ ಅಚ್ಚು ಹಾಕಿ ಗೋಡೆಗೆ ತೂಗುಹಾಕಿದ್ರು. 2012-13ರ ಈ ಕೆಲಸದ ಹೆಸರು ಸ್ಟ್ರೇಂಜರ್ ವಿಷನ್ಸ್. ಮುಖದ ಜೊತೆಗೇ ಒಂದು ಪುಟ್ಟ ಪೆಟ್ಟಿಗೇಲಿ ಆ ಸಿಗರೇಟ್ ತುಂಡೋ ಗಮ್ಮೋ ಇಟ್ಟಿದ್ರು.

ಇದು ಹೇಗೆ ಸಾಧ್ಯ ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಮಜಾ ಇರೋದೇ ಇಲ್ಲಿ. ಸಿಗರೇಟನ್ನ ತುಟಿಗಿಟ್ಟಾಗ ಎಂಜಲಿನ ಜೊತೆ ಬಾಯೊಳಗಿನ ಜೀವಕೋಶಗಳೂ ಫಿಲ್ಟರಿನ ಕಾಗದಕ್ಕೆ ಅಂಟ್ಕೊಳ್ತವೆ. ಆ ಕಾಗದ ಸಣ್ಣಗೆ ಕತ್ತರಿಸಿ ರಾಸಾಯನಿಕದಲ್ಲಿ ನೆನೆಸಿದ್ರೆ ಕೋಶ ಒಡೆದು ಡಿಎನ್ಎ ಹೊರಗೆ ಬರತ್ತೆ, ಆದ್ರೆ ಅದು ಓದೋಕೆ ಸಾಲದಷ್ಟು ಕಮ್ಮಿ. ಅದಕ್ಕೇ ಪಿಸಿಆರ್, ಕೋವಿಡ್ ಟೈಮಲ್ಲಿ ನಮಗೆಲ್ಲ ಬಾಯಿಪಾಠ ಆಯ್ತಲ್ಲ ಅದೇ. ಬಿಸಿ ಮಾಡಿದ್ರೆ ಡಿಎನ್ಎಯ ಎರಡು ಎಳೆ ಬಿಡಿಸ್ಕೊಳ್ತವೆ, ತಣ್ಣಗೆ ಮಾಡಿದ್ರೆ ಕಿಣ್ವ ಒಂದೊಂದು ಎಳೆಗೂ ಹೊಸ ಜೋಡಿ ಕಟ್ಟತ್ತೆ, ಹೀಗೆ ಪ್ರತಿ ಸುತ್ತಿಗೂ ಡಬಲ್ ಆಗ್ತಾ 30 ಸುತ್ತು ಮುಗಿಯೋ ಹೊತ್ತಿಗೆ ಲೆಕ್ಕದ ಪ್ರಕಾರ ಒಂದು ತುಣುಕು 100 ಕೋಟಿ ದಾಟಿರತ್ತೆ. ಸೆಲೂನಲ್ಲಿ ನೆಲದ ಮೇಲೆ ಬಿದ್ದಿರೋ ಕೂದ್ಲಲ್ಲಿ ಇದು ಕಷ್ಟ, ಬುಡ ಇರಲ್ಲ, ಕೋಶಕೇಂದ್ರದ ಡಿಎನ್ಎ ಹೆಚ್ಚು ಸಿಗೋದು ಬುಡದಲ್ಲೇ.

ನಮ್ಮ ಡಿಎನ್ಎಲಿ ಎ, ಟಿ, ಜಿ, ಸಿ ಅಂತ ಗುರುತಿಸೋ ರಾಸಾಯನಿಕ ಅಕ್ಷರಗಳು ಸುಮಾರು 300 ಕೋಟಿ ಇದ್ರೂ ನನಗೂ ನಿಮಗೂ ವ್ಯತ್ಯಾಸ ಇರೋದು ಹೆಚ್ಚುಕಮ್ಮಿ ಸಾವಿರಕ್ಕೆ ಒಂದು ಅಕ್ಷರ, ಹಾಗಾಗಿ ಎಲ್ಲ ಓದೋದು ಬೇಡ, ಗೊತ್ತಿರೋ ಕೆಲವು ಜಾಗ ನೋಡಿದ್ರೆ ಸಾಕು. ಎಚ್‌ಇಆರ್‌ಸಿ2 ಅನ್ನೋ ಜೀನಲ್ಲಿ ಒಂದು ಅಕ್ಷರ ನೋಡಿದ್ರೆ ಕಣ್ಣು ಕಂದೋ ನೀಲಿಯೋ ಅಂತ ಬಹಳ ಸಲ ಸರಿಯಾಗೇ ಹೇಳಬಹುದು. ಗಂಡಾ ಹೆಣ್ಣಾ ಅಂತ ಕ್ರೋಮೋಸೋಮ್ ಹೇಳತ್ತೆ, ಪೂರ್ವಿಕರು ಯಾವ ಕಡೆಯವರು ಅಂತ ಅಂದಾಜು ಸಿಗತ್ತೆ.

ಆದ್ರೆ ಮೂಗು? ಗಲ್ಲ? ಅದನ್ನ ಹೇಳೋ ಒಂದೇ ಒಂದು ಜೀನ್ ಇಲ್ಲ. ನೂರಾರು ಜಾಗಗಳು ಒಂದೊಂದೂ ಚೂರುಚೂರು ಪ್ರಭಾವ ಬೀರ್ತವೆ, ಅದರ ಮೇಲೆ ವಯಸ್ಸು, ಊಟ, ಬಿಸಿಲು, ಬಿದ್ದು ಮುರಿದ ಹಲ್ಲು, ಇದ್ಯಾವುದನ್ನೂ ಮುಖದ ಲೆಕ್ಕಕ್ಕೆ ತರೋಕೆ ಆಗಲ್ಲ. ಹಾಗಾದ್ರೆ ಆ ಮುಖ ಎಲ್ಲಿಂದ ಬಂತು ಅಂದ್ರೆ, ಬೇರೆ ಯಾರ್ಯಾರದೋ ಮುಖ ಸ್ಕ್ಯಾನ್ ಮಾಡಿ ಸರಾಸರಿ ಕಲಿತ ಸಾಫ್ಟ್‌ವೇರಿಂದ. ಜೀನ್ ಹೇಳದೇ ಬಿಟ್ಟಿದ್ದನ್ನೆಲ್ಲ ತುಂಬೋದು ಅದೇ.

ನನಗೆ ಇದು ನಿಜಕ್ಕೂ ಅರ್ಥ ಆಗಿದ್ದು ಚೆಲ್ಸಿ ಮ್ಯಾನಿಂಗ್ ಮುಖಗಳಿಂದ. ಅಮೆರಿಕ ಸೇನೆಯಲ್ಲಿದ್ದ ಇವರಿಗೆ, ಸೇನೆಯ ಲಕ್ಷಗಟ್ಟಲೆ ದಾಖಲೆಗಳನ್ನ ಗುಟ್ಟಿನ ಕಾಗದಪತ್ರ ಬಯಲು ಮಾಡೋ ವಿಕಿಲೀಕ್ಸ್ ಅನ್ನೋ ವೆಬ್‌ಸೈಟಿಗೆ ಕೊಟ್ಟಿದ್ದಕ್ಕೆ 2013ರಲ್ಲಿ 35 ವರ್ಷ ಶಿಕ್ಷೆ ಆಯ್ತು, ಮಾರನೇ ದಿನವೇ ತಾನು ಹೆಣ್ಣು, ಹೆಸರು ಚೆಲ್ಸಿ ಅಂತ ತಿಳಿಸಿದ್ರು. ಜಗತ್ತಿಗೆಲ್ಲ ಗೊತ್ತಿರೋ ಹೆಸರು, ಆದ್ರೆ ಆಗ ನೋಡೋಕೆ ಹೇಗಿದ್ದಾರೆ ಅಂತ ಹೊರಗೆ ಯಾರಿಗೂ ಗೊತ್ತಿರ್ಲಿಲ್ಲ, ಜೈಲಲ್ಲಿ ಫೋಟೋ ತೆಗೆಯೋ ಹಾಗಿರ್ಲಿಲ್ಲ, ನೆಟ್ಟಲ್ಲಿ ಓಡಾಡ್ತಿದ್ದಿದ್ದು ಹಳೇ ಫೋಟೋಗಳೇ. 2015ರಲ್ಲಿ ಅವರು ಕೆನ್ನೆ ಒಳಗೆ ಸವರಿದ ಹತ್ತಿ, ಕತ್ತರಿಸಿದ ಕೂದ್ಲು ಜೈಲಿಂದ ಅಂಚೆಯಲ್ಲಿ ಕಳಿಸಿದ್ರು. ಹೆದರ್ ಮೊದಲು ಎರಡು ಮುಖ ಮಾಡಿದ್ರು, ಒಂದಕ್ಕೆ ಹೆಣ್ಣು ಅಂತ ಸೆಟ್ಟಿಂಗ್ ಕೊಟ್ರು, ಇನ್ನೊಂದಕ್ಕೆ ಯಾವುದೂ ಕೊಡ್ಲಿಲ್ಲ. 2017ರಲ್ಲಿ ಶಿಕ್ಷೆ ಕಡಿಮೆಯಾಗಿ ಮೇ ತಿಂಗಳಲ್ಲಿ ಚೆಲ್ಸಿ ಬಿಡುಗಡೆಯಾದ್ರು, ಆಗಸ್ಟಲ್ಲಿ ನ್ಯೂಯಾರ್ಕಿನ ಫ್ರಿಡ್‌ಮನ್ ಗ್ಯಾಲರಿಲಿ ಅದೇ ಡಿಎನ್ಎಯಿಂದ ಮಾಡಿದ 30 ಮುಖ ಸೂರಿಂದ ತಂತಿಲಿ ಇಳಿಬಿಟ್ಟಿದ್ರು. ಕಪ್ಪು, ಬಿಳಿ, ಕಂದು, ಗಂಡಿನ ಥರದ್ದು, ಹೆಣ್ಣಿನ ಥರದ್ದು, ಒಂದು ಗುಂಪೇ ಬಂದು ನಿಂತ ಹಾಗೆ. ಶಿಲ್ಪದ ಹೆಸರು ಪ್ರಾಬಬ್ಲಿ ಚೆಲ್ಸಿ, ಅಂದ್ರೆ ಬಹುಶಃ ಚೆಲ್ಸಿ. ಆ ಬಹುಶಃ ಅನ್ನೋ ಮಾತಲ್ಲೇ ಪೂರ್ತಿ ವಿಜ್ಞಾನ ಇದೆ ಅನ್ಸತ್ತೆ ನನಗೆ.

ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ ಇದೇ ಥರದ ತಂತ್ರವನ್ನ ಅಮೆರಿಕದಲ್ಲಿ ಪೊಲೀಸರು ಅಪರಾಧ ನಡೆದ ಜಾಗದಲ್ಲಿ ಸಿಕ್ಕ ಡಿಎನ್ಎ ಮೇಲೆ ಬಳಸ್ತಾರೆ. ನಮ್ಮಲ್ಲಿ ಡಿಎನ್ಎಯಿಂದ ಜನರನ್ನ ಗುರುತು ಹಿಡಿಯೋದರ ಬಗ್ಗೆ 2019ರಲ್ಲಿ ಲೋಕಸಭೆಗೆ ಬಂದ ಮಸೂದೆಯನ್ನ 2023ರಲ್ಲಿ ವಾಪಸ್ ತಗೊಂಡ್ರು, ಆ ಚರ್ಚೆ ಮತ್ತೆ ಬಂದಾಗ ಈ 30 ಮುಖಗಳ ಫೋಟೋ ಎಲ್ಲರೂ ಒಂದ್ಸಲ ನೋಡ್ಬೇಕು ಅನ್ನೋದು ನನ್ನ ಆಸೆ. ಅಲ್ಲಿ ಒಂದೇ ಡಿಎನ್ಎಗೆ ಮೂವತ್ತು ಮುಖ ಇದ್ವು. ಪೊಲೀಸರು ಜನರ ಮುಂದೆ ಇಡೋ ಚಿತ್ರದಲ್ಲಿ ಸಾಮಾನ್ಯವಾಗಿ ಒಂದೇ ಇರತ್ತೆ, ಅದನ್ನ ನೋಡಿದವರು ತಮ್ಮ ಬೀದಿಲಿ ಅದೇ ಥರ ಕಾಣೋ ಹುಡುಗನ ಮೇಲೆ ಕಣ್ಣಿಡ್ತಾರೆ.