ರೀಸೈಕಲ್ ಬಿನ್‌ನಲ್ಲಿ ಇಲ್ಲ ಅಂದ್ರೆ, ಫೈಲ್ ಇದ್ದದ್ದು ಎಲ್ಲಿ?

"ಡಿಲೀಟ್ ಮಾಡಿದ್ದು ನಾನೇ ಸರ್. ಆದ್ರೆ ಬಿನ್‌ನಲ್ಲಿ ಇರಬೇಕಲ್ವಾ?"

ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೂತು ಈ ಮಾತನ್ನು ಅದೆಷ್ಟು ಸಲ ಕೇಳಿದ್ದೇನೋ. ಕಳೆದ ಮದುವೆ ಸೀಸನ್‌ನಲ್ಲಿ ಫೋಟೊ ಸ್ಟುಡಿಯೊದವರೊಬ್ಬರು ಬಂದಿದ್ದರು. ಆಲ್ಬಂಗೆ ಆರಿಸಿಟ್ಟಿದ್ದ ಫೋಲ್ಡರನ್ನು ಹಳೇದು ಅಂದುಕೊಂಡು ಅಳಿಸಿಬಿಟ್ಟಿದ್ದರು. ಬಿನ್ ತೆರೆದರೆ ಖಾಲಿ. ಕಂಪ್ಯೂಟರೇ ಕೆಟ್ಟಿದೆ ಎಂದು ಸಿಪಿಯು ಹೊತ್ತು ತಂದಿದ್ದರು. ಫೋಟೊಗಳಿದ್ದ ಪೆನ್‌ಡ್ರೈವ್ ಮಾತ್ರ ಜೇಬಿನಲ್ಲೇ ಇತ್ತು!

ಅದಕ್ಕೇ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಅಳಿಸುವಾಗ ಫೈಲ್ ಎಲ್ಲಿತ್ತು?

ಡೆಸ್ಕ್‌ಟಾಪ್ ಮೇಲಿರುವ ಬುಟ್ಟಿಯ ಚಿತ್ರ ನಮ್ಮನ್ನು ದಾರಿ ತಪ್ಪಿಸುತ್ತದೆ. ಇಡೀ ಕಂಪ್ಯೂಟರಿಗೆ ಒಂದೇ ಬುಟ್ಟಿ ಅನ್ನಿಸುತ್ತದೆ. ನಿಜವಾಗಿ ವಿಂಡೋಸ್‌ನಲ್ಲಿ ಸಿ ಡ್ರೈವಿಗೆ ಅದರದ್ದೇ ಬಿನ್, ಡಿ ಡ್ರೈವಿಗೆ ಅದರದ್ದೇ ಬಿನ್. ಎರಡೂ ಕಣ್ಣಿಗೆ ಕಾಣದ ಫೋಲ್ಡರ್‌ಗಳು. ಹಳೇ ಮನೆಗಳ ಅಟ್ಟ ನೆನಪಿಸಿಕೊಳ್ಳಿ. ಬೇಡದ ಸಾಮಾನನ್ನು ಅಟ್ಟಕ್ಕೆ ಹಾಕುತ್ತೇವೆ, ಆದರೆ ಅದು ಅದೇ ಮನೆಯೊಳಗೇ ಇರುತ್ತದೆ. ಬಿನ್ ಖಾಲಿ ಮಾಡುವವರೆಗೆ ಡಿಸ್ಕಿನಲ್ಲಿ ಜಾಗ ಆಗದಿರುವುದು ಇದಕ್ಕೇ.

ಅಳಿಸಿದಾಗ ವಿಂಡೋಸ್ ಫೈಲನ್ನು ಎತ್ತಿಕೊಂಡು ಎಲ್ಲಿಗೂ ಹೋಗುವುದಿಲ್ಲ. ಅದರ ಹೆಸರು, ವಿಳಾಸ ಬದಲಿಸುತ್ತದೆ ಅಷ್ಟೇ. ನಾಲ್ಕು ಜಿಬಿಯ ವಿಡಿಯೊ ಕೂಡ ಕಣ್ಣು ಮಿಟುಕಿಸುವಷ್ಟರಲ್ಲಿ ಬಿನ್ ಸೇರುತ್ತದಲ್ಲ, ಗುಟ್ಟು ಅದೇ. ಜೊತೆಗೆ ಒಂದು ಪುಟ್ಟ ಚೀಟಿ ಫೈಲ್ ಹುಟ್ಟುತ್ತದೆ. ಮೂಲ ಹೆಸರು ಏನು, ಎಲ್ಲಿತ್ತು, ಯಾವಾಗ ಅಳಿಸಿದ್ದು ಎಂದು ಅದರಲ್ಲಿ ಬರೆದಿರುತ್ತದೆ. ರಿಸ್ಟೋರ್ ಒತ್ತಿದಾಗ ವಿಂಡೋಸ್ ಓದುವುದು ಆ ಚೀಟಿಯನ್ನು.

ಪೆನ್‌ಡ್ರೈವ್‌ಗೆ ಈ ಅಟ್ಟವೇ ಇಲ್ಲ. ಅದರಲ್ಲಿದ್ದ ಫೈಲನ್ನು ಸಿ ಡ್ರೈವಿನ ಬಿನ್‌ಗೆ ಹಾಕಬೇಕೆಂದರೆ ಪೂರ್ತಿ ಕಾಪಿ ಮಾಡಬೇಕು. ವಿಂಡೋಸ್ ಆ ಗೋಜಿಗೆ ಹೋಗುವುದಿಲ್ಲ, ನೇರ ಅಳಿಸುತ್ತದೆ. ತಮಾಷೆ ಅಂದ್ರೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಸಾಮಾನ್ಯವಾಗಿ ಬಿನ್ ಇರುತ್ತದೆ. ಎರಡನ್ನೂ ಚುಚ್ಚುವುದು ಯುಎಸ್‌ಬಿಗೇ, ಆದರೆ ಒಂದನ್ನು ವಿಂಡೋಸ್ ಕಾಯಂ ಡಿಸ್ಕ್ ಎಂದು ಎಣಿಸುತ್ತದೆ, ಇನ್ನೊಂದನ್ನು ಬಂದು ಹೋಗುವ ನೆಂಟ ಎಂದು. ಕೇಬಲ್ ಹಾಕಿ ಫೋನಿನಿಂದ ಅಳಿಸಿದ ಫೋಟೊಗಳೂ ಕಂಪ್ಯೂಟರಿನ ಬಿನ್‌ಗೆ ಬರುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಸುವುದು ಆಫೀಸಿನ ಶೇರ್ಡ್ ಫೋಲ್ಡರ್. ನಿಮ್ಮ ಸೀಟಿನಿಂದ ಅಳಿಸುತ್ತೀರಿ, ಫೈಲ್ ಇರುವುದು ಸರ್ವರ್‌ನಲ್ಲಿ. ನಿಮ್ಮ ಬಿನ್‌ಗೂ ಬರುವುದಿಲ್ಲ, ಸರ್ವರಿನ ಬಿನ್‌ಗೂ ಹೋಗುವುದಿಲ್ಲ. ಸರ್ವರ್ ನೋಡಿಕೊಳ್ಳುವವರು ಮೊದಲೇ ಶ್ಯಾಡೊ ಕಾಪಿ (ಫೈಲುಗಳ ಹಳೇ ಸ್ಥಿತಿಯನ್ನು ಆಗಾಗ ಉಳಿಸಿಡುವ ವ್ಯವಸ್ಥೆ) ಆನ್ ಮಾಡಿಟ್ಟಿದ್ದರೆ ಆ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಪ್ರೀವಿಯಸ್ ವರ್ಶನ್ಸ್ ಎಂಬಲ್ಲಿ ಹಳೇ ಪ್ರತಿ ಸಿಗಬಹುದು. ಇಲ್ಲದಿದ್ದರೆ ಬ್ಯಾಕಪ್ಪೇ ಗತಿ.

ಅಟ್ಟ ಇದ್ದರೂ ಅದಕ್ಕೊಂದು ಅಳತೆ ಇರುತ್ತದೆ. ಬಿನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ, ಪ್ರತಿ ಡ್ರೈವಿಗೆ ಎಷ್ಟು ಜಾಗ ಎಂದು ಕಾಣುತ್ತದೆ. ಅದಕ್ಕಿಂತ ದೊಡ್ಡ ಫೈಲ್ ಒಳಗೆ ಹಿಡಿಸುವುದಿಲ್ಲ. ಬಿನ್ ತುಂಬಿದರೆ ಹಳೆಯವು ಸದ್ದಿಲ್ಲದೆ ಹೊರಬೀಳುತ್ತವೆ. ಅಲ್ಲೇ 'ಬಿನ್‌ಗೆ ಹಾಕದೆ ತಕ್ಷಣ ಅಳಿಸು' ಎಂಬರ್ಥದ ಆಯ್ಕೆಯೂ ಇದೆ. ಯಾರೋ ಅದನ್ನು ಒತ್ತಿಟ್ಟು ಮರೆತ ಕಂಪ್ಯೂಟರ್‌ಗಳೂ ನನ್ನ ಟೇಬಲ್‌ಗೆ ಬಂದಿವೆ. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೂ ಫೈಲ್ ಬಿನ್‌ಗೆ ಹೋಗದೆ ನೇರ ಅಳಿಯುತ್ತದೆ, ಇದು ಹೆಚ್ಚಿನವರಿಗೆ ಗೊತ್ತೇ ಇದೆ.

ಇನ್ನೊಂದು ಗೊಂದಲ ಡಿಟಿಪಿ ಅಂಗಡಿಗಳಲ್ಲಿ ಸಾಮಾನ್ಯ. ಹಳೇ ಪತ್ರ ತೆರೆದು, ಅದರ ಮೇಲೇ ಹೊಸದನ್ನು 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ಅದೇ ಹೆಸರಿಗೆ ಸೇವ್ ಮಾಡಿ, ಆಮೇಲೆ ಹಳೇದನ್ನು ಬಿನ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಯಾವ ಫೈಲೂ ಡಿಲೀಟ್ ಆಗಿಲ್ಲ, ಬಿನ್‌ಗೆ ಸುದ್ದಿಯೇ ಇಲ್ಲ.

ಒಂದು ಸುಳಿವು ಹೇಳುತ್ತೇನೆ. ವಿಂಡೋಸ್ 8ರಿಂದ ಈಚೆಗೆ ಬಿನ್‌ಗೆ ಹೋಗುವ ಫೈಲ್ ಬಗ್ಗೆ ವಿಂಡೋಸ್ ತಾನಾಗಿ ಏನೂ ಕೇಳುವುದಿಲ್ಲ. ಕೇಳುವುದು ಪೂರ್ತಿ ಅಳಿಸುವಾಗ. ಅಂದರೆ ಪ್ರಶ್ನೆ ಬಂತು ಅಂದ್ರೆನೇ ಅಪಾಯ. ಆದರೆ ನಮ್ಮ ಬೆರಳು ಓದುವ ಮೊದಲೇ ಎಂಟರ್ ಒತ್ತಿರುತ್ತದೆ.

ಹೀಗೆ ಹೋದ ಫೈಲ್ ವಾಪಸ್ ಬರುತ್ತದಾ? ಅಳಿಸಿದಾಗ ಒಳಗಿನ ಮಾಹಿತಿ ಕೂಡಲೇ ಮಾಯವಾಗುವುದಿಲ್ಲ, 'ಈ ಜಾಗ ಖಾಲಿ' ಎಂದು ಗುರುತು ಬೀಳುತ್ತದೆ. ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಪೆನ್‌ಡ್ರೈವ್, ಹಳೇ ಹಾರ್ಡ್ ಡಿಸ್ಕ್‌ಗಳಲ್ಲಿ ಆಸೆ ಇರುತ್ತದೆ. ಚಿಪ್‌ಗಳಲ್ಲಿ ಮಾಹಿತಿ ಇಡುವ ಹೊಸ ಬಗೆಯ ಡಿಸ್ಕ್ ಆದ ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಟ್ರಿಮ್ ಎಂಬ ವ್ಯವಸ್ಥೆ ಖಾಲಿ ಜಾಗದ ಸುದ್ದಿಯನ್ನು ಡಿಸ್ಕಿಗೆ ಮುಟ್ಟಿಸುತ್ತದೆ, ಡಿಸ್ಕ್ ಅಲ್ಲಿದ್ದದ್ದನ್ನು ಒರೆಸಿಬಿಡುತ್ತದೆ, ಆಮೇಲೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಹಾಗಾಗಿ ತಪ್ಪಾದ ತಕ್ಷಣ ಆ ಡ್ರೈವ್ ಮುಟ್ಟಬೇಡಿ. ರಿಕವರಿ ಸಾಫ್ಟ್‌ವೇರನ್ನು ಅದೇ ಡ್ರೈವಿಗೆ ಇನ್‌ಸ್ಟಾಲ್ ಮಾಡಲಂತೂ ಹೋಗಬೇಡಿ, ಸಿಕ್ಕ ಫೈಲುಗಳನ್ನೂ ಬೇರೆ ಡ್ರೈವಿಗೇ ಇಳಿಸಿ.

ಸ್ಟುಡಿಯೊದವರು ಪೆನ್‌ಡ್ರೈವ್‌ಗೆ ಆಮೇಲೆ ಏನನ್ನೂ ಹಾಕಿರಲಿಲ್ಲ. ಫೋಟೊರೆಕ್ ಎಂಬ ಉಚಿತ ಸಾಫ್ಟ್‌ವೇರ್ ಓಡಿಸಿದೆ. ಬಹುಪಾಲು ಫೋಟೊ ಬಂದವು. ಕೆಲವು ಅರ್ಧ ಬೂದು ಬಣ್ಣ. ಫೈಲುಗಳ ಹೆಸರಂತೂ ಒಂದೂ ಉಳಿದಿರಲಿಲ್ಲ. ಆಲ್ಬಂಗೆ ಕೂಡಿಸಿಟ್ಟಿದ್ದ ಕ್ರಮವೆಲ್ಲ ಹೋಗಿ, ಮುಹೂರ್ತ, ಆರತಕ್ಷತೆ, ಬೀಗರೂಟ ಒಂದರೊಳಗೊಂದು ಕಲಸಿಹೋಗಿದ್ದವು. ಅದನ್ನು ಬಿಡಿಸಲು ಅವರು ಎರಡು ರಾತ್ರಿ ಕೂತರಂತೆ.