ಒಂದೇ ಕಾಲು ದುಡಿದಾಗ

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ನಡೆದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಆರೋಗ್ಯವಂತ ಗಂಡಸರನ್ನು ಕೂರಿಸಿ, ಒಂದೇ ಮೊಣಕಾಲನ್ನು ಮಡಿಸಿ ಚಾಚುವ ವ್ಯಾಯಾಮವನ್ನು ಐದು ಗಂಟೆ ಮಾಡಿಸಿದರು. ಇನ್ನೊಂದು ಕಾಲು ಸುಮ್ಮನಿತ್ತು. ಕಾಲುಗಳಿಗೆ ಹೋಗುವ ರಕ್ತವನ್ನೂ ಅಲ್ಲಿಂದ ವಾಪಸ್ ಬರುವ ರಕ್ತವನ್ನೂ ಹೋಲಿಸಿ ನೋಡಿದರು. ದುಡಿದ ಕಾಲಿನಿಂದ ಮಾತ್ರ ಇಂಟರ್‌ಲ್ಯೂಕಿನ್-6 (ಚಿಕ್ಕದಾಗಿ ಐಎಲ್-6) ಎಂಬ ಪ್ರೋಟೀನ್ ರಕ್ತಕ್ಕೆ ಸೇರುತ್ತಿತ್ತು. ಸುಮ್ಮನಿದ್ದ ಕಾಲಿನಿಂದ ಏನೂ ಬರಲಿಲ್ಲ.

ಇದು 2000ದಲ್ಲಿ ಪ್ರಕಟವಾಯಿತು. ಮ್ಯಾರಥಾನ್ ಓಡಿದವರ ರಕ್ತದಲ್ಲಿ ಐಎಲ್-6 ನೂರು ಪಟ್ಟಿನಷ್ಟು ಏರಬಹುದು ಎಂಬುದು ಮೊದಲೇ ಗೊತ್ತಿತ್ತು. ಸ್ನಾಯುಗಳಿಗೆ ಪೆಟ್ಟಾಗಿ, ಅದನ್ನು ಸರಿಪಡಿಸಲು ಬಂದ ರೋಗನಿರೋಧಕ ಕೋಶಗಳು ಐಎಲ್-6 ಅನ್ನು ಬಿಡುತ್ತವೆ ಎಂದೇ ಅಂದುಕೊಂಡಿದ್ದರು. ಬಿಡುವುದು ದುಡಿಯುವ ಸ್ನಾಯುವೇ ಎಂದು ಈ ಪ್ರಯೋಗ ತೋರಿಸಿತು. ಕೋಪನ್‌ಹೇಗನ್‌ನ ಸಂಶೋಧಕಿ ಬೆಂಟೆ ಪೆಡರ್ಸನ್ ಮತ್ತು ಅವರ ಜೊತೆಗಾರರು ಇಂಥ ಪ್ರೋಟೀನುಗಳನ್ನು 2003ರಲ್ಲಿ ಮಯೋಕೈನ್ ಎಂದು ಕರೆದರು.

ಶುಗರ್ ಕಾಯಿಲೆಗೂ ಇದಕ್ಕೂ ಏನು ಸಂಬಂಧ? ಇನ್ಸುಲಿನ್ ಹೆಚ್ಚಾದಾಗ ರಕ್ತದಿಂದ ಹೊರಹೋಗುವ ಗ್ಲೂಕೋಸಿನಲ್ಲಿ ಬಹುಪಾಲು ಸೇರುವುದು ಸ್ನಾಯುಗಳಿಗೆ. ಸ್ನಾಯು ಇನ್ಸುಲಿನ್ ಮಾತು ಕೇಳದೇ ಹೋದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಭಾರತದಲ್ಲಿ ಈ ಕಾಯಿಲೆ ಇರುವವರು 10 ಕೋಟಿಗೂ ಜಾಸ್ತಿ ಎಂದು ಐಸಿಎಂಆರ್ ಬೆಂಬಲದ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿತು. ನಮ್ಮಲ್ಲಿ ಯಾರ ಮನೆಯನ್ನೂ ಬಿಟ್ಟ ವಿಷಯವಲ್ಲ ಇದು.

ಐಎಲ್-6ನ ಕೆಲಸ ಹಲವು ದಿಕ್ಕಿನದು. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೊಜೆನ್, ಅಂದರೆ ಗ್ಲೂಕೋಸಿನ ದಾಸ್ತಾನು, ಖಾಲಿಯಾಗುತ್ತ ಬಂದಂತೆ ಅದು ಹೆಚ್ಚು ಬಿಡುಗಡೆಯಾಗುತ್ತದೆ. ಅಂದರೆ ಇಂಧನ ಕಡಿಮೆಯಾಗುತ್ತಿದೆ ಎಂಬ ಸುದ್ದಿ ಉಳಿದ ಅಂಗಗಳಿಗೆ ಮುಟ್ಟುತ್ತದೆ. ಆಗ ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ. ಆರೋಗ್ಯವಂತರಿಗೆ ಐಎಲ್-6 ಅನ್ನು ನೇರ ರಕ್ತನಾಳಕ್ಕೆ ಹರಿಸಿ ನೋಡಿದಾಗ, ಇನ್ಸುಲಿನ್ ಇರುವಾಗ ದೇಹ ಒಳಗೆಳೆದುಕೊಳ್ಳುವ ಗ್ಲೂಕೋಸ್ ಕೂಡ ಹೆಚ್ಚಿತು.

ಆದರೆ ಇಲ್ಲೊಂದು ತೊಡಕಿದೆ. ಬೊಜ್ಜು ಇರುವವರ ರಕ್ತದಲ್ಲಿ ಇದೇ ಐಎಲ್-6 ಸದಾ ಸ್ವಲ್ಪ ಜಾಸ್ತಿ ಇರುತ್ತದೆ, ಮತ್ತು ಅವರಿಗೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದು. ಒಂದೇ ಪ್ರೋಟೀನ್ ಅಲ್ಲಿ ಕೆಟ್ಟದ್ದು, ಇಲ್ಲಿ ಒಳ್ಳೆಯದು ಆಗುವುದು ಹೇಗೆ? ಬೊಜ್ಜಿನಲ್ಲಿ ಅದು ದಿನವಿಡೀ ಜಿನುಗುತ್ತದೆ, ಟಿಎನ್‌ಎಫ್‌ನಂಥ ಉರಿಯೂತದ ಪ್ರೋಟೀನುಗಳ ಜೊತೆಗೇ ಇರುತ್ತದೆ. ವ್ಯಾಯಾಮದಲ್ಲಿ ಒಮ್ಮೆ ಮೇಲೇರಿ, ಕೆಲವೇ ಗಂಟೆಗಳಲ್ಲಿ ಇಳಿದುಬಿಡುತ್ತದೆ. ಇನ್ಸುಲಿನ್ ಕೆಲಸಕ್ಕೆ ಅಡ್ಡಿಪಡಿಸುವ ಟಿಎನ್‌ಎಫ್ ಅನ್ನು ಅದು ತಗ್ಗಿಸುತ್ತದೆ ಕೂಡ. ಮೂರು ಗಂಟೆ ಸೈಕಲ್ ತುಳಿದವರಿಗೆ ಬ್ಯಾಕ್ಟೀರಿಯಾದ ವಿಷಾಂಶ ಕೊಟ್ಟಾಗಲೂ ಟಿಎನ್‌ಎಫ್ ಏರಲಿಲ್ಲ, ವಿಶ್ರಾಂತಿಯಲ್ಲಿದ್ದವರಲ್ಲಿ ಏರಿತು.

2019ರ ಇನ್ನೊಂದು ಪ್ರಯೋಗವೂ ಕೋಪನ್‌ಹೇಗನ್ನಿನದೇ. ಹೊಟ್ಟೆ ದಪ್ಪಗಿರುವವರಿಂದ 12 ವಾರ ಸೈಕಲ್ ತುಳಿಸಿದರು. ಸಂಧಿವಾತಕ್ಕೆ ಕೊಡುವ ಟೊಸಿಲಿಜುಮಾಬ್ ಎಂಬ ಔಷಧಿ ಐಎಲ್-6ನ ಸಂಕೇತವನ್ನು ತಡೆಯುತ್ತದೆ. ಕೆಲವರಿಗೆ ಅದನ್ನೂ ಕೊಟ್ಟರು. ಅದನ್ನು ಪಡೆಯದವರಲ್ಲಿ ಹೊಟ್ಟೆಯೊಳಗಿನ ಕೊಬ್ಬು ಕರಗಿತು. ಪಡೆದವರು ಅಷ್ಟೇ ತುಳಿದರೂ ಕರಗಲಿಲ್ಲ. ಅಂಗಗಳ ಸುತ್ತ ಕೂತ ಈ ಕೊಬ್ಬೇ ಇನ್ಸುಲಿನ್‌ಗೆ ದೊಡ್ಡ ಅಡ್ಡಿ, ಅದಕ್ಕೇ ಈ ಫಲಿತಾಂಶಕ್ಕೆ ತೂಕವಿದೆ.

2012ರಲ್ಲಿ ಐರಿಸಿನ್ ಎಂಬ ಇನ್ನೊಂದು ಮಯೋಕೈನ್ ಭಾರೀ ಸುದ್ದಿ ಮಾಡಿತು. ಅದನ್ನು ಅಳೆಯುವ ವಿಧಾನದ ಬಗ್ಗೆಯೇ ವರ್ಷಗಟ್ಟಲೆ ಜಗಳ ನಡೆಯಿತು. ಇಂಥ ಸುದ್ದಿಯ ಬೆನ್ನಲ್ಲೇ ವ್ಯಾಯಾಮವನ್ನು ಮಾತ್ರೆಯಲ್ಲಿ ಕೊಡುವ ಮಾತು ಬರುತ್ತದೆ. ಅಷ್ಟು ಸುಲಭವಾಗಲಾರದು ಎಂದು ನನ್ನ ಅನಿಸಿಕೆ. ಅದಕ್ಕೆ ಕಾರಣ ಇನ್ನೂ ಹಳೆಯ, 1989ರ ಒಂಟಿ ಕಾಲಿನ ಪ್ರಯೋಗ. ಅಲ್ಲೂ ಒಂದೇ ಕಾಲಿಗೆ ವ್ಯಾಯಾಮ. ಕೆಲವು ಗಂಟೆ ಬಿಟ್ಟು ಇನ್ಸುಲಿನ್ ಕೊಟ್ಟಾಗ, ದುಡಿದ ಕಾಲು ಹೆಚ್ಚು ಗ್ಲೂಕೋಸ್ ಎಳೆದುಕೊಂಡಿತು. ಸುಮ್ಮನಿದ್ದ ಕಾಲಿಗೆ ಆ ಲಾಭ ಸಿಗಲಿಲ್ಲ. ಎರಡೂ ಕಾಲುಗಳಿಗೆ ಹೋಗುವುದು ಒಂದೇ ರಕ್ತ ಅಲ್ವಾ? ರಕ್ತದಲ್ಲಿ ತೇಲುವ ಪ್ರೋಟೀನೇ ಎಲ್ಲ ಮಾಡುವುದಾಗಿದ್ದರೆ ಎರಡೂ ಕಾಲಿಗೆ ಸಮನಾಗಿ ಸಿಗಬೇಕಿತ್ತು.

ಹಾಗಾಗಿ ಇವು ಎರಡು ಬೇರೆ ಕೆಲಸಗಳು. ಮಯೋಕೈನ್‌ಗಳು ಕೊಬ್ಬಿಗೆ, ಲಿವರ್‌ಗೆ, ರೋಗನಿರೋಧಕ ಕೋಶಗಳಿಗೆ ಸುದ್ದಿ ಕೊಡುತ್ತವೆ. ಇನ್ಸುಲಿನ್ ಮಾತನ್ನು ಚೆನ್ನಾಗಿ ಕೇಳುವ ಗುಣ ಮಾತ್ರ ಮುಖ್ಯವಾಗಿ ದುಡಿದ ಸ್ನಾಯುವಿನೊಳಗೇ ಬರುತ್ತದೆ. ಆ ಗುಣ ಒಂದೆರಡು ದಿನದಲ್ಲಿ ಮಾಸುತ್ತದೆ. ಶುಗರ್ ಇರುವವರು ಸತತ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮ ತಪ್ಪಿಸಬಾರದು ಎಂದು ಅಮೆರಿಕದ ಡಯಾಬಿಟಿಸ್ ಸಂಘ ಹೇಳುವುದು ಇದಕ್ಕೇ.